ಸುಮ್ಮನೆ ಮಲಗಿದ್ದ ಮಗು

ಹುಟ್ಟಿ ಕೆಲವೇ ದಿನವಾದ ಮಕ್ಕಳಿಗೆ ಲ್ಯಾಬಿನಲ್ಲಿ ಹೆಸರಿರುವುದಿಲ್ಲ. ಚೀಟಿಯ ಮೇಲೆ ‘ಬೇಬಿ ಆಫ್’ ಅಂತ ಬರೆದು ಮುಂದೆ ಅಮ್ಮನ ಹೆಸರು ಹಾಕಿರುತ್ತಾರೆ. ಅವಳಿಗಳಾದರೆ ಒಂದು, ಎರಡು ಅಂತ ನಂಬರು. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಇಂಥ ಚೀಟಿ ಅಂಟಿಸಿದ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಬಾಟಲಿಗಳನ್ನು ಎಷ್ಟು ಮುಟ್ಟಿದ್ದೇನೋ, ಲೆಕ್ಕ ಇಟ್ಟಿಲ್ಲ. ಮಗುವಿನ ಮುಖ ನಮಗೆ ಕಾಣುವುದಿಲ್ಲ. ಅಮ್ಮನ ಮುಖವೂ ಅಷ್ಟೇ. ನಮ್ಮ ಕೈಗೆ ಬರುವುದು ಒಂದು ಪುಟ್ಟ ಬಾಟಲಿ, ಅದರೊಳಗೆ ಒಂದಿಷ್ಟು ರಕ್ತ, ಮೇಲೊಂದು ಹೆಸರು.

ಆರು ವರ್ಷದ ಹಿಂದೆ ಒಂದು ರಾತ್ರಿ ಆ ಚೀಟಿಯ ಮೇಲೆ ಇದ್ದದ್ದು ನನ್ನ ಹೆಸರು.

ಮಗ ಹುಟ್ಟಿ ಅವತ್ತಿಗೆ 16 ದಿನ. ಅದಕ್ಕೂ ಮುಂಚೆ ಅವನು ನಮ್ಮನ್ನು ನೆಟ್ಟಗೆ ಮಲಗಲು ಬಿಟ್ಟಿರಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಸೂರು ಹಾರಿಹೋಗುವ ಹಾಗೆ ಕಿರುಚುತ್ತಿದ್ದ. ಅವತ್ತು ಬೆಳಗಿನಿಂದ ತೆಪ್ಪಗಿದ್ದ. ಹಾಲಿಗೆ ಎಬ್ಬಿಸಿದರೆ ನಾಲ್ಕು ಸಲ ಚೀಪಿ ಮತ್ತೆ ನಿದ್ದೆ. ‘ಅಬ್ಬಾ, ಅಂತೂ ದಾರಿಗೆ ಬಂದ’ ಅಂದುಕೊಂಡು ನಾನೂ ಪಕ್ಕದಲ್ಲೇ ಉರುಳಿದೆ. ಎಂಥ ನಿದ್ದೆ ಅಂತೀರಿ! ಮಧ್ಯಾಹ್ನ ಗಂಡ ಬಂದು ನೋಡಿ, “ಎಷ್ಟು ಒಳ್ಳೆ ಮಗು, ಗಲಾಟೆನೇ ಇಲ್ಲ” ಅಂದರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಹೊಟ್ಟೆ ಕಲಸಿದ ಹಾಗಾಗುತ್ತದೆ.

ಸಂಜೆ ಬಟ್ಟೆ ಬದಲಿಸಲು ಬಿಚ್ಚಿದೆ. ಬೆಳಗ್ಗೆ ಕಟ್ಟಿದ್ದ ಡೈಪರ್ ಹೆಚ್ಚುಕಮ್ಮಿ ಒಣಗಿಯೇ ಇತ್ತು. ಎಳೆ ಮಕ್ಕಳ ಕೈಕಾಲು ತಣ್ಣಗಿರುವುದು ಮಾಮೂಲು. ಆದರೆ ಅವನ ಹೊಟ್ಟೆಯೂ ತಣ್ಣಗಿತ್ತು. ತೊಡೆಯ ಮೇಲೆ ತೆಳುವಾಗಿ ನೇರಳೆ ಬಣ್ಣದ ಬಲೆ ಹಾಸಿದ ಹಾಗೆ ಗೆರೆಗಳು. ಕೈಯನ್ನು ಸ್ವಲ್ಪ ಎತ್ತಿ ಬಿಟ್ಟೆ, ಒದ್ದೆ ಬಟ್ಟೆಯ ಹಾಗೆ ಬಿತ್ತು. ಎದೆಯ ಮೇಲೆ ಬೆರಳೊತ್ತಿ ತೆಗೆದೆ. ಬೆಳ್ಳಗಾದ ಜಾಗಕ್ಕೆ ಬಣ್ಣ ವಾಪಸ್ ಬರಲು ಮೂರು ಸೆಕೆಂಡಿಗಿಂತ ಜಾಸ್ತಿಯೇ ಹಿಡಿಯಿತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 35.3.

“ಜ್ವರ ಇಲ್ವಲ್ಲ” ಅಂದರು ಗಂಡ. ಅವರಿಗೆ ಸಮಾಧಾನ. ನನಗೆ ಕೈ ನಡುಗತೊಡಗಿತು.

ದೊಡ್ಡವರಿಗೆ ರಕ್ತಕ್ಕೆ ಸೋಂಕು ಇಳಿದರೆ ದೇಹ ರಂಪ ಮಾಡುತ್ತದೆ. ಚಳಿ, ನಡುಕ, 39 ಡಿಗ್ರಿ, 40 ಡಿಗ್ರಿ ಜ್ವರ. ನವಜಾತ ಮಗುವಿಗೆ ಅಷ್ಟು ರಂಪ ಮಾಡುವ ತಾಕತ್ತೇ ಇರುವುದಿಲ್ಲ. ಕೆಲವಕ್ಕೆ ಜ್ವರ ಬರುತ್ತದೆ, ಕೆಲವು ತಣ್ಣಗಾಗುತ್ತವೆ. ಮೊದಲು ಹಾಲು ಬಿಡುತ್ತವೆ, ಆಮೇಲೆ ಅಳು ಬಿಡುತ್ತವೆ. ‘ಅಳೋ ಮಗುವಿಗೆ ಹಾಲು’ ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಅಳದ ಮಗುವಿಗೆ ಏನು ಅಂತ ಗಾದೆ ಹೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಎರಡು ತಿಂಗಳೊಳಗಿನ ಮಕ್ಕಳಲ್ಲಿ ಗಂಭೀರ ಸೋಂಕನ್ನು ಅನುಮಾನಿಸಲು ಹೇಳುವ ಲಕ್ಷಣಗಳನ್ನು ಒಮ್ಮೆ ಓದಿ ನೋಡಿ. ಹಾಲು ಸರಿಯಾಗಿ ಕುಡಿಯದಿರುವುದು. ಮುಟ್ಟಿ ಎಬ್ಬಿಸಿದರೆ ಮಾತ್ರ ಅಲುಗಾಡುವುದು, ಇಲ್ಲವೇ ಅಲುಗಾಡದೇ ಇರುವುದು. ಫಿಟ್ಸ್. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರು. ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಸೆಳೆಯುವುದು. ಮೈ 38 ಡಿಗ್ರಿ ಮುಟ್ಟುವುದು ಅಥವಾ 35.5ಕ್ಕಿಂತ ಕೆಳಗೆ ಇಳಿಯುವುದು. ಇದರಲ್ಲಿ ಒಂದು ಕಂಡರೂ ಸಾಕು, ಹೊರಡಬೇಕು. ಪಟ್ಟಿಯಲ್ಲಿ ಯಂತ್ರ ಬೇಕಾದದ್ದು ಥರ್ಮಾಮೀಟರ್ ಒಂದೇ. ಉಳಿದದ್ದಕ್ಕೆ ಕಣ್ಣು ಸಾಕು, ಗಡಿಯಾರ ಇದ್ದರೆ ಒಳ್ಳೆಯದು. ಉಸಿರನ್ನು ಮಾತ್ರ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆ ಮಕ್ಕಳು ನಾಲ್ಕು ಸಲ ಬೇಗಬೇಗ ಉಸಿರಾಡಿ ಒಂದು ಗಳಿಗೆ ನಿಲ್ಲಿಸಿಬಿಡುತ್ತವೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಇಷ್ಟನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಕಲಿಸಿದರೆ ಏನಾಗುತ್ತದೆ ಅಂತ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಮಾಡಿ ತೋರಿಸಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಾಣಂತಿ, ಮಗುವನ್ನು ನೋಡುತ್ತಿದ್ದರು. ಸೋಂಕಿನ ಅನುಮಾನ ಬಂದರೆ, ಆಸ್ಪತ್ರೆಗೆ ಹೋಗಲು ಆಗದ ಮಕ್ಕಳಿಗೆ ಅಲ್ಲೇ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಿದ್ದರು. 1999ರಲ್ಲಿ ಅವರ ವರದಿ ಪ್ರಕಟವಾಯಿತು. ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಅಲ್ಲಿ ನವಜಾತ ಮಕ್ಕಳ ಸಾವು 62% ಇಳಿದಿತ್ತು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆ ಬರೆದವಳು ನಾನು. ನನ್ನದೇ ಮಗು ಹಾಲು ಬಿಟ್ಟ ದಿನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಇರಲಿ. ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಮಕ್ಕಳ ಡಾಕ್ಟರು ನೋಡಿದ ತಕ್ಷಣ ಒಂದೇ ಉಸಿರಿಗೆ ಹೇಳಿದರು: ಬ್ಲಡ್ ಕಲ್ಚರ್, ಮೂತ್ರದ ಕಲ್ಚರ್, ಬೆನ್ನಿನ ನೀರು, ಕೂಡಲೇ ಆಂಟಿಬಯಾಟಿಕ್. ಬೆನ್ನಿನ ನೀರು ಅಂದ ಕೂಡಲೇ ನಾನು ತಾಯಿಯಾಗಿಬಿಟ್ಟೆ. “ಅಷ್ಟೆಲ್ಲಾ ಬೇಕಾ? ರಕ್ತದ ರಿಪೋರ್ಟ್ ಬಂದ ಮೇಲೆ ನೋಡೋಣವಾ?” ಅಂದೆ. ದಿನಾ ಆ ನೀರನ್ನೇ ಮೈಕ್ರೋಸ್ಕೋಪಿನಲ್ಲಿ ನೋಡುವವಳು ನಾನು! ಅವರು ಕೋಪ ಮಾಡಿಕೊಳ್ಳಲಿಲ್ಲ. “ಈ ವಯಸ್ಸಲ್ಲಿ ನೋಡಿ ಹೇಳೋಕೆ ಆಗಲ್ಲ” ಅಂದರು, ಅಷ್ಟೇ.

ಅವರು ಹೇಳಿದ್ದು ಸರಿ. ಜ್ವರ ಬಂದ ಎರಡು ತಿಂಗಳೊಳಗಿನ ಮಕ್ಕಳನ್ನು ಏನು ಮಾಡಬೇಕು ಅನ್ನುವುದು ಮಕ್ಕಳ ವೈದ್ಯರಿಗೆ ದಶಕಗಳ ತಲೆನೋವು. ಹೆಚ್ಚಿನವಕ್ಕೆ ಬರೀ ವೈರಸ್ ಇರುತ್ತದೆ, ತಾನಾಗಿ ಹೋಗುತ್ತದೆ. ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಬ್ಯಾಕ್ಟೀರಿಯಾ ಸೋಂಕು, ಅದರಲ್ಲೂ ಬಹುಪಾಲು ಮೂತ್ರದಲ್ಲಿ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗುವುದು ನೂರರಲ್ಲಿ ಒಂದೆರಡು ಮಕ್ಕಳಲ್ಲಿ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಅದಕ್ಕಿಂತಲೂ ಕಡಿಮೆ. ಆ ಒಂದೆರಡು ಮಕ್ಕಳು ಯಾವುವು ಅಂತ ಮುಖ ನೋಡಿ ಆರಿಸಲು ಆಗುವುದಿಲ್ಲ, ಅಲ್ವಾ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಕೊಟ್ಟ ಮಾರ್ಗಸೂಚಿ ವಯಸ್ಸನ್ನು ಮೂರು ಭಾಗ ಮಾಡುತ್ತದೆ: 8ರಿಂದ 21 ದಿನ, 22ರಿಂದ 28 ದಿನ, 29ರಿಂದ 60 ದಿನ. ಮಗು ದೊಡ್ಡದಾದಷ್ಟೂ ಕಾದು ನೋಡಲು ಸ್ವಲ್ಪ ಜಾಗ ಸಿಗುತ್ತದೆ. 21 ದಿನದೊಳಗಿನ ಮಗುವಿಗೆ ಜ್ವರ ಬಂದರೆ, ಅದು ಚೆನ್ನಾಗೇ ಕಂಡರೂ, ಎಲ್ಲ ಪರೀಕ್ಷೆ, ಔಷಧಿ, ಆಸ್ಪತ್ರೆ. ನನ್ನ ಮಗ ಚೆನ್ನಾಗಿಯೂ ಕಾಣುತ್ತಿರಲಿಲ್ಲ.

ಬೆನ್ನಿಗೆ ಸೂಜಿ ಹಾಕುವಾಗ ನನ್ನನ್ನು ಹೊರಗೆ ಕೂರಿಸಿದರು. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಹತ್ತಿರ ಸಣ್ಣ ಸೂಜಿ ಹಾಕಿ ಹನಿಹನಿಯಾಗಿ ನೀರು ತೆಗೆಯುತ್ತಾರೆ. ಹುರಿಗೆ ತಾಗುವುದಿಲ್ಲ. ಇದೆಲ್ಲ ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ. ಬಾಗಿಲ ಹೊರಗೆ ಕೂತು ಕಿವಿ ನಿಮಿರಿಸಿಕೊಂಡಿದ್ದೆ. ಸೂಜಿ ಚುಚ್ಚಿದಾಗ ಅವನು ಕಿರುಚಬೇಕಿತ್ತು. ಒಂದು ಸಣ್ಣ ನರಳಾಟ ಕೇಳಿತು. ಅಷ್ಟೇ.

ಇನ್ನು ಕಲ್ಚರಿಗೆ ತೆಗೆಯುವ ಒಂದು ಎಂ.ಎಲ್. ರಕ್ತದ ವಿಷಯ. ಇದು ನನ್ನ ಕ್ಷೇತ್ರ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೂರು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 250 ಎಂ.ಎಲ್. ಒಂದು ಲೋಟದಷ್ಟು. ದೊಡ್ಡವರಿಗೆ ಕಲ್ಚರ್ ಮಾಡಲು ಒಂದು ಸಲಕ್ಕೆ 20 ಎಂ.ಎಲ್. ತೆಗೆಯುತ್ತೇವೆ. ಮಗುವಿನಿಂದ ಅಷ್ಟು ತೆಗೆಯಲು ಆಗುತ್ತದಾ? ಹಾಗಾಗಿ ಒಂದು ಎಂ.ಎಲ್. ಬೇಕು ಅನ್ನುತ್ತೇವೆ. ಅದೂ ಎಷ್ಟೋ ಸಲ ಬರುವುದಿಲ್ಲ. ದಾರದಂಥ ರಕ್ತನಾಳ, ರಾತ್ರಿ ಹೊತ್ತು, ಅಳುವ ಮಗು, ಪಕ್ಕದಲ್ಲಿ ಅಳುವ ತಾಯಿ. ಸಿಕ್ಕಿದ್ದು ಅರ್ಧ ಎಂ.ಎಲ್. ಆದರೆ ಅದನ್ನೇ ಕಳಿಸುತ್ತಾರೆ. ತೊಂದರೆ ಏನೆಂದರೆ, ಕೆಲವು ಮಕ್ಕಳಲ್ಲಿ ಒಂದು ಎಂ.ಎಲ್. ರಕ್ತದಲ್ಲಿ ಇರುವುದೇ ಬೆರಳೆಣಿಕೆಯ ಬ್ಯಾಕ್ಟೀರಿಯಾ. ಅರ್ಧ ಎಂ.ಎಲ್.ನಲ್ಲಿ ಒಂದೂ ಸಿಗದೇ ಇರಬಹುದು. ಆಗ ರಿಪೋರ್ಟ್ ‘ನೆಗೆಟಿವ್’ ಅನ್ನುತ್ತದೆ, ಮಗುವಿನ ರಕ್ತದಲ್ಲಿ ನಂಜು ಹಾಗೇ ಇರುತ್ತದೆ.

ಬಾಟಲಿಯೊಳಗೆ ಬ್ಯಾಕ್ಟೀರಿಯಾಗಳಿಗೆ ಇಷ್ಟವಾದ ಆಹಾರವಿರುತ್ತದೆ. ಅದನ್ನು ಮೈಯಷ್ಟೇ ಬೆಚ್ಚಗಿರುವ ಮಶೀನಿನಲ್ಲಿ ಇಡುತ್ತೇವೆ. ಮಶೀನು ಬಾಟಲಿಗಳನ್ನು ಮೆಲ್ಲಗೆ ತೂಗುತ್ತಲೇ ಇರುತ್ತದೆ, ತೊಟ್ಟಿಲ ಹಾಗೆ. ನಮ್ಮಲ್ಲಿನ ಬಾಟಲಿಗಳ ತಳದಲ್ಲಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇರುತ್ತದೆ, ನೀಲಿ ಬೆರೆತ ಹಸಿರು ಬಣ್ಣ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಅದು ಹಳದಿಗೆ ತಿರುಗುತ್ತದೆ. ಮಶೀನು ಕೆಲವು ನಿಮಿಷಕ್ಕೊಮ್ಮೆ ಎಲ್ಲ ಬಿಲ್ಲೆಗಳನ್ನೂ ನೋಡುತ್ತದೆ. ಹಳದಿ ಕಂಡರೆ ಕೂಗುತ್ತದೆ.

ಆಗ ನಾವು ಒಂದು ಹನಿ ತೆಗೆದು ಗಾಜಿನ ಸ್ಲೈಡಿನ ಮೇಲೆ ಸವರಿ ಬಣ್ಣ ಹಾಕುತ್ತೇವೆ. ನೇರಳೆ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಕೆಂಪು. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ವಿಧಾನ ಇದರ ಮೂಲ. ಇವತ್ತಿಗೂ ಆ ಹೊತ್ತಿನಲ್ಲಿ ನಾವು ಮೊದಲು ಮಾಡುವುದು ಇದನ್ನೇ. ಕೆಲವು ಬ್ಯಾಕ್ಟೀರಿಯಾ ನೇರಳೆಯಾಗೇ ಉಳಿಯುತ್ತವೆ, ಅವು ಗ್ರಾಮ್ ಪಾಸಿಟಿವ್. ಕೆಲವು ಗುಲಾಬಿಯಾಗುತ್ತವೆ, ಅವು ಗ್ರಾಮ್ ನೆಗೆಟಿವ್. ಕಡ್ಡಿಯ ಹಾಗಿದ್ದರೆ ಬ್ಯಾಸಿಲೈ ಅನ್ನುತ್ತೇವೆ. ತಡ ಮಾಡದೆ ವಾರ್ಡಿಗೆ ಫೋನ್ ಹೋಗಬೇಕು.

ಬಾಟಲಿ ಮಶೀನಿಗೆ ಹೋದದ್ದು ರಾತ್ರಿ ಒಂಬತ್ತೂವರೆಗೆ. ಬೆಳಗ್ಗೆ ಎಂಟೂವರೆಗೆ ವಾರ್ಡಿನ ಫೋನ್ ಹೊಡೆದುಕೊಂಡಿತು. ನಾನು ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ, ಎಚ್ಚರವಾಯಿತು. ಆ ಹೊತ್ತಿಗೆ ಲ್ಯಾಬಿನಿಂದ ಫೋನ್ ಬಂದರೆ ಯಾಕೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೆಗೆಟಿವ್ ಆದರೆ ನಾವು ಫೋನ್ ಮಾಡುವುದಿಲ್ಲ. ಸಿಸ್ಟರ್ ಪೆನ್ನು ಹುಡುಕಿ ಬರೆದುಕೊಂಡು, ಬರೆದದ್ದನ್ನು ವಾಪಸ್ ಓದಿ ಹೇಳಿದರು. “ಗ್ರಾಮ್ ನೆಗೆಟಿವ್ ಬ್ಯಾಸಿಲೈ. ಬೇಬಿ ಆಫ್...” ಆಮೇಲೆ ನನ್ನ ಹೆಸರು. ಫೋನಿನ ಆ ಕಡೆ ಇದ್ದದ್ದು ನನ್ನ ಪಕ್ಕದ ಟೇಬಲಿನ ಗೆಳತಿ. ನನಗೆ ನೇರವಾಗಿ ಫೋನ್ ಮಾಡಲಿಲ್ಲ. ಡಾಕ್ಟರಿಗೆ ಮೊದಲು ಅನ್ನುವುದು ನಿಯಮ. ಅವಳ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಇದೆ.

ಒಟ್ಟು 11 ಗಂಟೆ ಹಿಡಿದಿತ್ತು. ಬ್ಯಾಕ್ಟೀರಿಯಾಗಳ ಲೆಕ್ಕ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದಕ್ಕೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಹತ್ತು ಗಂಟೆಯಲ್ಲಿ ಒಂದು ಹೋಗಿ ನೂರು ಕೋಟಿ ದಾಟುತ್ತದೆ. ಬಾಟಲಿಯಲ್ಲಿ ಅದಕ್ಕೆ ಅಡ್ಡ ಬರುವವರಿಲ್ಲ. ಮಗುವಿನ ಮೈಯಲ್ಲಿ ಇದ್ದಾರೆ, ಆದರೆ ಕಡಿಮೆ. ರೋಗದ ವಿರುದ್ಧ ಅಮ್ಮನಿಂದ ಬರುವ ಐಜಿಜಿ ಪ್ರತಿಕಾಯಗಳು ಗರ್ಭದ ಕೊನೆಯ ಮೂರು ತಿಂಗಳಲ್ಲೇ ಹೆಚ್ಚಾಗಿ ದಾಟುವುದು. ಹಾಗಾಗಿ ಏಳನೇ ತಿಂಗಳಿಗೇ ಹುಟ್ಟಿದ ಮಗು ಬರಿಗೈಲಿ ಬಂದ ಹಾಗೆ. ತಿಂಗಳು ತುಂಬಿ ಹುಟ್ಟಿದರೂ ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕಣಗಳ ದಾಸ್ತಾನು ಚಿಕ್ಕದು, ಬೇಗ ಖಾಲಿಯಾಗುತ್ತದೆ. ಬೆಳಗ್ಗೆ ಸ್ವಲ್ಪ ಮಂಕಾಗಿದ್ದ ಮಗು ಸಂಜೆಗೆ ಕೈಮೀರುವುದು ಹೀಗೆ. ‘ನಾಳೆ ನೋಡೋಣ’ ಅನ್ನುವ ಮಾತು ಈ ಕಾಯಿಲೆಗೆ ಆಗಿಬರುವುದಿಲ್ಲ. ಕಲ್ಚರಿಗೆ ರಕ್ತ ತೆಗೆದ ಕೈಯಲ್ಲೇ ಆಂಪಿಸಿಲಿನ್, ಜೆಂಟಾಮೈಸಿನ್ ಶುರು ಮಾಡುವುದೂ ಇದಕ್ಕೇ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗುವವರೆಗೆ ಕೂರುವಂತಿಲ್ಲ.

ಸಂಜೆಗೆ ಮೂತ್ರದ ಕಲ್ಚರ್ ಕೂಡ ಅದನ್ನೇ ತೋರಿಸಿತು. ಇ. ಕೋಲಿ ಮೂತ್ರದಿಂದ ರಕ್ತಕ್ಕೆ ಏರಿತ್ತು. ಗಂಡುಮಕ್ಕಳಲ್ಲಿ ಈ ವಯಸ್ಸಿಗೆ ಮೂತ್ರದ ಸೋಂಕು ಹೆಣ್ಣುಮಕ್ಕಳಿಗಿಂತ ಜಾಸ್ತಿ. ಮುಂದೆ ದೊಡ್ಡವರಾದ ಮೇಲೆ ಲೆಕ್ಕ ಉಲ್ಟಾ. ಬೆನ್ನಿನ ನೀರು ಮಾತ್ರ ಗಾಜಿನಷ್ಟು ತಿಳಿಯಾಗಿತ್ತು. ಆ ಸುದ್ದಿ ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ.

ಇ. ಕೋಲಿಯ ಬಗ್ಗೆ ಒಂದು ಮಾತು. ಅದನ್ನು ಮೊದಲು ವಿವರಿಸಿದವರು ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ಡಾಕ್ಟರು, 1885ರಲ್ಲಿ. ಅವರಿಗೆ ಅದು ಸಿಕ್ಕಿದ್ದು ಎಳೆ ಮಕ್ಕಳ ಮಲದಲ್ಲಿ. ಆರೋಗ್ಯವಾಗಿದ್ದ ಮಕ್ಕಳ ಮಲದಲ್ಲೂ ಅದು ಇತ್ತು. ಹುಟ್ಟುವಾಗ ಮಗುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಇರುವುದಿಲ್ಲ. ದಿನ ಕಳೆಯುವುದರೊಳಗೆ ಅವು ಬಂದು ಬಿಡಾರ ಹೂಡುತ್ತವೆ. ಬರಲೇಬೇಕು, ಕರುಳು ಪಳಗುವುದೇ ಹಾಗೆ. ಯಾರಿಂದ ಬರುತ್ತವೆ ಅನ್ನುವುದು ಪ್ರಶ್ನೆ. ಅಮ್ಮನ ಮೈಯಿಂದ ಬಂದರೆ ಸಾಮಾನ್ಯವಾಗಿ ಸಾಧು ಪ್ರಾಣಿಗಳು. ಆಸ್ಪತ್ರೆಯ ಸಿಂಕಿನಿಂದ, ತೊಳೆಯದ ಕೈಯಿಂದ, ದಿನಗಟ್ಟಲೆ ಬಿಟ್ಟ ಡ್ರಿಪ್ ನಳಿಕೆಯಿಂದ ಬಂದರೆ ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್. ಹೆಸರು ಕೇಳಿದರೇ ನಮ್ಮ ಲ್ಯಾಬಿನಲ್ಲಿ ಮುಖ ಕಪ್ಪಿಡುತ್ತದೆ. ಕಲ್ಚರ್ ತಟ್ಟೆಯ ಮೇಲೆ ಆಂಟಿಬಯಾಟಿಕ್ ಬಿಲ್ಲೆಗಳನ್ನು ಇಟ್ಟು ಮರುದಿನ ನೋಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ದುಂಡಗೆ ಖಾಲಿ ಜಾಗ. ಎಷ್ಟೋ ಬೆಳಗ್ಗೆ ಆ ತಟ್ಟೆಯಲ್ಲಿ ಒಂದೂ ಖಾಲಿ ವೃತ್ತ ಇರುವುದಿಲ್ಲ, ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

1978ರಲ್ಲಿ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ಡಾಕ್ಟರು ಇನ್‌ಕ್ಯುಬೇಟರ್ ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿದ ಮಕ್ಕಳಿಗೆ ಸೋಂಕು ಹರಡುವುದು ನೋಡಿ, ಕಡಿಮೆ ತೂಕದ ಮಕ್ಕಳನ್ನು ಅಮ್ಮಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ. ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಹೀಗೆ ಎದೆಗೆ ಹಾಕಿಕೊಂಡ ಮಕ್ಕಳಲ್ಲಿ ಸಾವು 25% ಕಡಿಮೆಯಾಯಿತು, ನಂಜೂ ಇಳಿಯಿತು. ಎದೆಯ ಬಿಸುಪು, ಹಾಲು ಎಲ್ಲಾ ಸರಿ. ಬ್ಯಾಕ್ಟೀರಿಯಾ ನೋಡುವ ನನ್ನ ಕಣ್ಣಿಗೆ ಮಾತ್ರ ಮಗುವನ್ನು ಮೊದಲು ಯಾರ ಸೂಕ್ಷ್ಮಜೀವಿಗಳು ಮುಟ್ಟಿದವು ಅನ್ನುವುದೇ ದೊಡ್ಡದಾಗಿ ಕಾಣುತ್ತದೆ.

ಹಾಗಂತ ಅಮ್ಮನಿಂದ ಬರುವುದೆಲ್ಲ ಸಾಧುವಲ್ಲ. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಅಂತ ಒಂದಿದೆ. 1933ರಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಸ್ಟ್ರೆಪ್ಟೋಕಾಕಸ್‌ಗಳನ್ನು ಎ, ಬಿ, ಸಿ ಅಂತ ಗುಂಪು ಮಾಡಿದಾಗ ಇದಕ್ಕೆ ಬಿ ಬಂತು. ಇದರ ಶಾಸ್ತ್ರೀಯ ಹೆಸರಿನ ಎರಡನೇ ಭಾಗ ಅಗಲ್ಯಾಕ್ಟಿಯೇ, ಅಂದರೆ ‘ಹಾಲಿಲ್ಲದ್ದು’. ಹಸುಗಳ ಕೆಚ್ಚಲು ಬಾವು ತಂದು ಹಾಲು ಬತ್ತಿಸುತ್ತಿತ್ತು ಅಂತ ಆ ಹೆಸರು. ಎಳೆ ಮಕ್ಕಳನ್ನು ಇದು ಕಾಡುತ್ತದೆ ಅಂತ ಎಲ್ಲರಿಗೂ ಅರಿವಾದದ್ದು 1970ರ ದಶಕದಲ್ಲಿ. ಇದಕ್ಕೆ ತುತ್ತಾದ ಮಗು ಕೂಡ ಮೊದಲು ಹಾಲನ್ನೇ ಬಿಡುತ್ತದೆ, ಹೆಸರು ಇಟ್ಟವರಿಗೆ ಅದು ಗೊತ್ತಿರಲಿಲ್ಲ. ಅಮ್ಮಂದಿರಿಗೆ ಏನೂ ತೊಂದರೆ ಕೊಡದೆ ಸುಮ್ನೆ ಕೂತಿರುತ್ತದೆ, ಹೆರಿಗೆ ಹೊತ್ತಿಗೆ ಮಗುವಿಗೆ ದಾಟುತ್ತದೆ. ಹೆರಿಗೆ ನೋವಿನ ಸಮಯದಲ್ಲಿ ತಾಯಿಗೆ ಪೆನಿಸಿಲಿನ್ ಡ್ರಿಪ್ ಕೊಡುವ ಪದ್ಧತಿ ಬಂದ ಮೇಲೆ ಅಮೆರಿಕದಲ್ಲಿ ಮೊದಲ ವಾರದ ಈ ಕಾಯಿಲೆ 1990ರ ಸುಮಾರಿಗೆ ಸಾವಿರಕ್ಕೆ 1.8 ಇದ್ದದ್ದು 2015ಕ್ಕೆ 0.23ಕ್ಕೆ ಇಳಿಯಿತು. ಒಂದು ವಾರದ ನಂತರ ಬರುವ ಕಾಯಿಲೆಗೆ ಆ ಡ್ರಿಪ್ ತಡೆಯಾಗುವುದಿಲ್ಲ.

ಕೈ ತೊಳೆಯುವುದರ ಬಗ್ಗೆ ಹೇಳಿದರೆ ಎಲ್ಲರೂ ಆಕಳಿಸುತ್ತಾರೆ. 1847ರಲ್ಲಿ ವಿಯೆನ್ನಾದಲ್ಲಿ ಡಾ. ಸೆಮ್ಮೆಲ್‌ವೈಸ್ ಹೆರಿಗೆ ವಾರ್ಡಿನ ಡಾಕ್ಟರುಗಳಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದಾಗಲೂ ಅವರಿಗೆ ಸಿಟ್ಟು ಬಂದಿತ್ತು. ಬಾಣಂತಿಯರ ಸಾವು ಕಣ್ಣೆದುರೇ ಇಳಿದರೂ ಬಹಳ ಜನ ಒಪ್ಪಲಿಲ್ಲ. ನಾನು ಮಗನ ಪಕ್ಕ ಕೂತ ಹತ್ತು ದಿನ ಬಂದುಹೋದವರ ಕೈಗಳನ್ನೇ ನೋಡುತ್ತಿದ್ದೆ. ಸಿಸ್ಟರುಗಳು ಚೆನ್ನಾಗೇ ತೊಳೆಯುತ್ತಿದ್ದರು. ಒಬ್ಬ ದೊಡ್ಡ ಡಾಕ್ಟರು ಒಂದು ಮಗುವಿನಿಂದ ಇನ್ನೊಂದಕ್ಕೆ ಹಾಗೇ ನಡೆದರು, ಫೋನ್ ಬೇರೆ ಕೈಯಲ್ಲಿ. ನಾನು ಸ್ಯಾನಿಟೈಸರ್ ಬಾಟಲಿ ಮುಂದೆ ಹಿಡಿದೆ. ಅವರು ನನ್ನನ್ನು ಒಂದು ಕ್ಷಣ ದುರುಗುಟ್ಟಿ ನೋಡಿ, ಕೈ ಚಾಚಿದರು. ನೆಂಟರಿಗೆ ಹಾಗೆ ಹೇಳಲು ಇನ್ನೂ ಕಷ್ಟವಾಯಿತು, ಅದು ಬೇರೆ ಕಥೆ.

ಮಗನ ಇ. ಕೋಲಿ ಆಂಪಿಸಿಲಿನ್‌ಗೆ ಜಗ್ಗಲಿಲ್ಲ, ಜೆಂಟಾಮೈಸಿನ್‌ಗೂ ಸೆಫೊಟಾಕ್ಸಿಮ್‌ಗೂ ಬಗ್ಗಿತು. ಮೂರನೇ ದಿನ ಬೆಳಗಿನ ಜಾವ ಸೂಜಿ ಬದಲಿಸುವಾಗ ಅವನು ಕಿರುಚಿದ. ಪಕ್ಕದ ಮಂಚದ ಮಗು ಎದ್ದು ಅದೂ ಶುರು ಮಾಡಿತು. ಸಿಸ್ಟರ್ “ಅಯ್ಯೋ, ಸಾರಿ ಪುಟ್ಟ” ಅಂತ ಸಮಾಧಾನ ಮಾಡುತ್ತಿದ್ದರೆ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಅವರಿಗೆ ವಿಚಿತ್ರ ಅನಿಸಿರಬೇಕು. ಹತ್ತು ದಿನ ಔಷಧಿ, ಕಿಡ್ನಿಯ ಸ್ಕ್ಯಾನ್, ಜೆಂಟಾಮೈಸಿನ್ ಕೊಟ್ಟಿದ್ದರಿಂದ ಕಿವಿಯ ಪರೀಕ್ಷೆ. ಎಲ್ಲಾ ಸರಿಯಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ ಅಂತ ನನಗೆ ಗೊತ್ತು. ಆ ವಾರ್ಡಿನಲ್ಲೇ ಇನ್ನೊಂದು ಮಂಚ ಒಂದು ಬೆಳಗ್ಗೆ ಖಾಲಿಯಿತ್ತು.

ರಜೆ ಮುಗಿಸಿ ಕೆಲಸಕ್ಕೆ ಬಂದ ಮೇಲೆ ನನ್ನಲ್ಲಿ ಒಂದೆರಡು ಬದಲಾವಣೆ ಆಗಿವೆ. ಅರ್ಧ ತುಂಬಿದ ಬಾಟಲಿ ಬಂದರೆ ಮುಂಚೆ ಬೈದುಕೊಳ್ಳುತ್ತಿದ್ದೆ. ಈಗ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ, ಬೈಯುವುದಿಲ್ಲ. ಇನ್ನೊಂದು, 36 ಗಂಟೆಗೆ ಬೆಳವಣಿಗೆ ಇಲ್ಲ ಅಂತ ಟೈಪ್ ಮಾಡುವುದಕ್ಕೆ ತಡ ಮಾಡುವುದಿಲ್ಲ. ನಿಜವಾದ ರೋಗಾಣು ಇದ್ದರೆ ಹೆಚ್ಚಾಗಿ ಅಷ್ಟರೊಳಗೆ ಬಿಲ್ಲೆ ಹಳದಿಯಾಗಿರುತ್ತದೆ. ಆಗಿಲ್ಲ, ಮಗುವೂ ಚೇತರಿಸಿಕೊಂಡಿದೆ ಅಂದರೆ ಡಾಕ್ಟರು ಆಂಟಿಬಯಾಟಿಕ್ ನಿಲ್ಲಿಸಬಹುದು. ಬೇಡದ ಔಷಧಿ ಒಂದು ದಿನ ಜಾಸ್ತಿ ಹೋದರೂ ಆ ಪುಟ್ಟ ಕರುಳಿನಲ್ಲಿ ಈಗಷ್ಟೇ ಬಿಡಾರ ಹೂಡಿದವರೆಲ್ಲ ಚೆಲ್ಲಾಪಿಲ್ಲಿ. ‘ಏನೂ ಬೆಳೆದಿಲ್ಲ’ ಅನ್ನುವುದೂ ಒಂದು ರಿಪೋರ್ಟೇ. ಅದಕ್ಕೆ ಕಾದು ಕುರ್ಚಿಯಲ್ಲಿ ತೂಕಡಿಸುತ್ತಿರುವವರು ಯಾರೋ ಇರುತ್ತಾರೆ.

ಆ ಬೆಳಗಿನ ಸ್ಲೈಡನ್ನು ಗೆಳತಿ ಎತ್ತಿಟ್ಟಿದ್ದಳು. ಈಗ ಅದು ನನ್ನ ಕಲಿಕೆಯ ಡಬ್ಬಿಯಲ್ಲಿದೆ, ಹೊಸ ಹುಡುಗ ಹುಡುಗಿಯರಿಗೆ ತೋರಿಸುವ ಸ್ಲೈಡುಗಳ ಜೊತೆ. ಬಣ್ಣ ಸ್ವಲ್ಪ ಮಾಸಿದೆ. ಹೋದ ತಿಂಗಳು ಸೇರಿದ ಹುಡುಗಿಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಏನು ಕಾಣುತ್ತೆ ಅಂತ ಕೇಳಿದೆ. ಅವಳು ಫೋಕಸ್ ತಿರುಗಿಸುತ್ತಾ ಬಹಳ ಹೊತ್ತು ನೋಡಿದಳು.

“ಗುಲಾಬಿ ಕಡ್ಡಿಗಳು ಮೇಡಂ. ಗ್ರಾಮ್ ನೆಗೆಟಿವ್.”

“ಸರಿ. ಮುಂದೇನು?”

“ವಾರ್ಡಿಗೆ ಫೋನ್ ಮಾಡ್ಬೇಕು.” ಆಮೇಲೆ ಸ್ಲೈಡ್ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಲ್ಯಾಬ್ ನಂಬರ್ ಮಾತ್ರ ಇತ್ತು. “ಇದು ಯಾರದ್ದು ಮೇಡಂ?”

“ನಂಬರ್ ಇದೆಯಲ್ಲ, ಓದು” ಅಂದೆ. ಓದಿದಳು. ಸರಿಯಾಗೇ ಓದಿದಳು. ಮುಂದಿನ ಸ್ಲೈಡ್ ಕೊಟ್ಟೆ.